ಓದುಗರ ಪ್ರಶ್ನೆ: ಕಂಪನಿ ಕಟ್ಟಲು, ಕಂಪನಿ ಸೇರಿಸಲು ವಕೀಲರು ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹೊಸದಾಗಿ ವ್ಯಾಪಾರ ಶುರು ಮಾಡುವವರದ್ದು. ಇಲ್ಲವೇ, ನಡೆಯುತ್ತಿರುವ ವ್ಯಾಪಾರವನ್ನು ಇನ್ನೊಬ್ಬರ ಜೊತೆ ಸೇರಿಸಲು ಹೊರಟವರದ್ದು. ಜಗಳವೇ ಇಲ್ಲದಿರುವಾಗ ವಕೀಲರು ಯಾಕೆ, ಬೇಕೇ ಬೇಕು ಅಂದರೆ ಎಂಥವರನ್ನು ಹಿಡಿಯಬೇಕು ಅನ್ನೋದು ಹೆಚ್ಚಿನವರ ಪ್ರಶ್ನೆ. ಹೆಸರು ಹಾಕಬೇಡಿ ಎಂದು ಸುಮಾರು ಜನ ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ತಿಪಟೂರು: ನಾನು, ನನ್ನ ಬಾಲ್ಯದ ಗೆಳೆಯ ಸೇರಿ ಗಾಣದ ಕೊಬ್ಬರಿ ಎಣ್ಣೆ ತೆಗೆದು ಮಾರಬೇಕು ಅಂದುಕೊಂಡಿದ್ದೇವೆ. ಅವನು 12 ಲಕ್ಷ ಹಾಕುತ್ತಾನೆ. ನನ್ನ ಹತ್ತಿರ ಇರುವುದು 3 ಲಕ್ಷ. ಆದರೆ ಗಾಣ, ಶೆಡ್ಡು, ದಿನವಿಡೀ ದುಡಿಮೆ ಎಲ್ಲಾ ನನ್ನದೇ. ಆನ್‌ಲೈನ್‌ನಲ್ಲಿ ಕೆಲವೇ ಸಾವಿರಕ್ಕೆ ಕಂಪನಿ ಮಾಡಿಕೊಡುತ್ತಾರಂತೆ. ನಮ್ಮ ಸಿಎ ಪಾಲುದಾರಿಕೆ ಪತ್ರ ಸಾಕು ಅಂತಾರೆ. ಇದಕ್ಕೆಲ್ಲಾ ವಕೀಲರಿಗೆ ಬೇರೆ ದುಡ್ಡು ಕೊಡಬೇಕಾ?

ಅರ್ಜಿ ತುಂಬಲು ವಕೀಲರು ಬೇಕಿಲ್ಲ. ಕಂಪನಿ ನೋಂದಣಿ ಈಗ ಸ್ಪೈಸ್ ಪ್ಲಸ್ ಎಂಬ ಒಂದೇ ಅರ್ಜಿಯಲ್ಲಿ ಆಗುತ್ತದೆ, ಪ್ಯಾನ್, ಟ್ಯಾನ್ (ಮೂಲದಲ್ಲೇ ತೆರಿಗೆ ಕಡಿತಕ್ಕೆ ಬೇಕಾದ ಸಂಖ್ಯೆ) ಕೂಡ ಅದರ ಜೊತೆಗೇ ಬರುತ್ತವೆ. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಕೊಡಬಹುದು ಅನ್ನುವ ಮಿತಿ, 15 ಲಕ್ಷದ ಒಳಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯ ಅದಕ್ಕೆ ನೋಂದಣಿ ಶುಲ್ಕ ತಗೊಳ್ಳುವುದಿಲ್ಲ, ರಾಜ್ಯದ ಛಾಪಾ ಶುಲ್ಕ ಮಾತ್ರ. ಈ ಕೆಲಸವನ್ನು ನಿಮ್ಮ ಸಿಎ ಅಥವಾ ಒಬ್ಬ ಕಂಪನಿ ಸೆಕ್ರೆಟರಿ ಚೆನ್ನಾಗಿಯೇ ಮಾಡುತ್ತಾರೆ.

ವಕೀಲರು ಬೇಕಿರುವುದು ನಿಮ್ಮಿಬ್ಬರ ನಡುವಿನ ಮಾತಿಗೆ. ನಿಮ್ಮ ಪತ್ರ ಓದಿದ ತಕ್ಷಣ ನನಗೆ ಆತಂಕ ಆಗಿದ್ದು ಆ 12 ಮತ್ತು 3 ನೋಡಿ. ಪಾಲುದಾರಿಕೆ ಪತ್ರದಲ್ಲಿ ಏನೂ ಬರೆಯದೇ ಇದ್ದರೆ 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಮಿನ ಪ್ರಕಾರ ಲಾಭ, ನಷ್ಟ ಎರಡೂ ಸಮಪಾಲು. ಅದು ನಿಮಗೆ ಅನುಕೂಲ ಅನ್ನಿಸಬಹುದು. ಆದರೆ ಅದೇ ಕಲಮು, ದುಡಿಯುವ ಪಾಲುದಾರನಿಗೆ ಬೇರೆ ಸಂಬಳ ಇಲ್ಲ ಅಂತಲೂ ಹೇಳುತ್ತದೆ. ಅಂದರೆ ಬೆಳಿಗ್ಗೆ ಐದಕ್ಕೆ ಎದ್ದು ಗಾಣ ತಿರುಗಿಸುವ ನಿಮಗೂ, ತಿಂಗಳಿಗೊಮ್ಮೆ ಬಂದು ಲೆಕ್ಕ ನೋಡುವ ಅವರಿಗೂ ಒಂದೇ. ಎಲ್‌ಎಲ್‌ಪಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ, ಅದರಲ್ಲೂ ಒಪ್ಪಂದ ಬರೆಯದಿದ್ದರೆ ಹೀಗೇ.

ಕಂಪನಿ ಮಾಡಿದರೆ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಹಾಕಿದ ಹಣಕ್ಕೆ ತಕ್ಕ ಷೇರು ಅಂದರೆ ಅವರಿಗೆ ಶೇ 80, ನಿಮಗೆ ಶೇ 20. ಅರ್ಧಕ್ಕಿಂತ ಜಾಸ್ತಿ ಮತ ಇದ್ದವರು ನಿರ್ದೇಶಕರನ್ನು ತೆಗೆಯಬಹುದು. ಮುಕ್ಕಾಲು ಪಾಲು ಮತ ಇದ್ದವರು ವಿಶೇಷ ನಿರ್ಣಯ ಮಾಡಿ ಕಂಪನಿಯ ನಿಯಮಾವಳಿಯನ್ನೇ ಬದಲಿಸಬಹುದು. ನಿಮ್ಮ ಗೆಳೆಯರಿಗೆ ಎರಡೂ ಸಾಧ್ಯ. ಅವರು ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ನಾಳೆ ಅವರ ಷೇರು ಅವರ ಮಕ್ಕಳ ಕೈಗೆ, ಅಳಿಯನ ಕೈಗೆ ಹೋಗಬಹುದು, ಅವರಿಗೆ ನಿಮ್ಮ ಬಾಲ್ಯ ಗೊತ್ತಿರುವುದಿಲ್ಲ ಅಲ್ವಾ?

ಹಾಗಾಗಿ ವಕೀಲರ ಹತ್ತಿರ ಈ ಪ್ರಶ್ನೆ ಇಟ್ಟುಕೊಂಡು ಹೋಗಿ: ನನ್ನ ಗಾಣಕ್ಕೆ ಬೆಲೆ ಎಷ್ಟು, ಅದಕ್ಕೆ ಷೇರು ಬರುತ್ತಾ ಅಥವಾ ಬಾಡಿಗೆಯಾ? ಶೆಡ್ಡನ್ನು ಕಂಪನಿಗೆ ಕೊಟ್ಟುಬಿಡಬೇಕಾ, ಲೀಸಿಗೆ ಕೊಟ್ಟರೆ ಸಾಕಾ? (ನನ್ನ ಮಾತು ಕೇಳುವುದಾದರೆ ಲೀಸಿಗೆ ಕೊಡಿ, ಜಾಗ ನಿಮ್ಮ ಹೆಸರಲ್ಲೇ ಇರಲಿ.) ನನ್ನ ಸಂಬಳ ಎಷ್ಟು? ಇಬ್ಬರ ಒಪ್ಪಿಗೆ ಇಲ್ಲದೇ ಮಾಡಬಾರದ ಕೆಲಸ ಯಾವುವು? ಒಬ್ಬರು ಹೊರಗೆ ಹೋದರೆ, ಒಬ್ಬರು ಸತ್ತರೆ ಬೆಲೆ ಕಟ್ಟುವುದು ಹೇಗೆ, ಹಣ ಎಷ್ಟು ಕಂತಿನಲ್ಲಿ?

ಸಾವಿನ ಮಾತು ಯಾರಿಗೂ ಇಷ್ಟ ಆಗಲ್ಲ. ನಮ್ಮ ತಂದೆ ಇನ್ನಿಬ್ಬರ ಜೊತೆ ಸೇರಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಪತ್ರ ಎರಡೇ ಪುಟ, ಯಾರದೋ ಹಳೇ ಪತ್ರದ ನಕಲು. ಒಬ್ಬ ಪಾಲುದಾರರು ತೀರಿಕೊಂಡರು. ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ ಪಾಲುದಾರ ಸತ್ತ ದಿನವೇ ಫರ್ಮ್ ವಿಸರ್ಜನೆ ಅಂತ ಕಾನೂನು. ಭತ್ತ ಗೋದಾಮಿನಲ್ಲಿತ್ತು, ಬ್ಯಾಂಕಿನವರು ಖಾತೆ ತಡೆಹಿಡಿದರು. ಎರಡು ಮನೆಯವರು ಮಾತು ಬಿಟ್ಟರು. ಒಂದು ಪ್ಯಾರಾ ಬರೆದಿದ್ದರೆ ಗಿರಣಿ ನಿಲ್ಲುತ್ತಿರಲಿಲ್ಲ. ನಾನು ಈ ಕಡೆಯ ವಕೀಲಿಗೆ ಬಂದಿದ್ದೇ ಆ ಒಂದು ಪ್ಯಾರಾದಿಂದ.

ಇನ್ನೊಂದು ಮಾತು. ಷೇರುದಾರರ ಒಪ್ಪಂದ ಬರೆಸಿ ಬೀರುವಿನಲ್ಲಿಟ್ಟರೆ ಸಾಲದು. ಷೇರು ಯಾರಿಗೆ ಮಾರಬಹುದು, ಯಾರಿಗೆ ಮಾರಬಾರದು ಅನ್ನುವಂಥ ಷರತ್ತು ಕಂಪನಿಯ ನಿಯಮಾವಳಿಯಲ್ಲೂ ಇರಬೇಕು, ಇಲ್ಲದಿದ್ದರೆ ಅದು ಕಂಪನಿಗೆ ಅಂಟುವುದಿಲ್ಲ ಎಂದು ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಅಗ್ಗದ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಕಾಯ್ದೆಯ ಜೊತೆ ಬರುವ ಮಾದರಿ ನಿಯಮಾವಳಿಯನ್ನೇ ಹಾಗೇ ಹಾಕಿಬಿಡುತ್ತಾರೆ. ನಿಮ್ಮಿಬ್ಬರ ಮಾತು ಅದರಲ್ಲಿ ಎಲ್ಲೂ ಇರುವುದಿಲ್ಲ.

ಪಾಲುದಾರಿಕೆ, ಎಲ್‌ಎಲ್‌ಪಿ, ಕಂಪನಿ ಈ ಮೂರರಲ್ಲಿ ಯಾವುದು ಅಂತ ಕೇಳಿದರೆ, ಬರೀ ಪಾಲುದಾರಿಕೆ ಬೇಡ ಅನ್ನುತ್ತೇನೆ. ತಿನ್ನುವ ಪದಾರ್ಥ, ಏನಾದರೂ ಹೆಚ್ಚುಕಮ್ಮಿ ಆಗಿ ಪರಿಹಾರ ಕಟ್ಟಬೇಕಾದರೆ ಪಾಲುದಾರರ ಮನೆ, ಜಮೀನಿನವರೆಗೂ ಬರುತ್ತದೆ. ನಿಮ್ಮ ಅಳತೆಗೆ ಎಲ್‌ಎಲ್‌ಪಿ ಸರಿ ಕಾಣುತ್ತದೆ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಇಲ್ಲ. ಕಂಪನಿಗಾದರೆ ವ್ಯಾಪಾರ ಆಗಲಿ ಬಿಡಲಿ ಪ್ರತಿ ವರ್ಷ ಆಡಿಟ್, ವರದಿ ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ. ಹೊರಗಿನ ಹೂಡಿಕೆದಾರರನ್ನು ತರುವ ಯೋಚನೆ ಇದ್ದರೆ ಮಾತ್ರ ಈಗಲೇ ಕಂಪನಿಗೆ ಹೋಗಿ. ಎಣ್ಣೆಯ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಈಗಲೇ ಹಾಕಿ. ಕಂಪನಿ ಹೆಸರು ಸಿಕ್ಕಿದರೆ ಬ್ರ್ಯಾಂಡ್ ಹೆಸರು ಸಿಕ್ಕಂತೆ ಅಲ್ಲ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ, ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ಮಂಗಳೂರು: ನಾವು ಮೂವರು ಸೇರಿ ಗೇರುಬೀಜದ ವ್ಯಾಪಾರ ಮಾಡುತ್ತಿದ್ದೇವೆ. ಪಾಲುದಾರಿಕೆ ಪತ್ರ ಇದೆ, ನೋಂದಣಿ ಮಾಡಿಸಿಲ್ಲ. ಒಬ್ಬ ಸಗಟು ವ್ಯಾಪಾರಿ 9 ಲಕ್ಷ ಬಾಕಿ ಇಟ್ಟುಕೊಂಡಿದ್ದಾನೆ. ದಾವೆ ಹಾಕೋಣ ಅಂದರೆ ಆಗಲ್ಲ ಅಂತಾರೆ. ನಿಜವಾ?

ನಿಜ. ಫರ್ಮ್ ನೋಂದಣಿ ಕಡ್ಡಾಯ ಅಲ್ಲ ಅಂತ ಹೇಳುತ್ತಾರೆ, ಅದೂ ನಿಜವೇ. ಆದರೆ ನೋಂದಣಿ ಆಗದ ಫರ್ಮ್ ಹೊರಗಿನವರ ಮೇಲೆ ಒಪ್ಪಂದದ ಹಕ್ಕು ಕೇಳಿ ದಾವೆ ಹಾಕುವಂತಿಲ್ಲ, ಪಾಲುದಾರಿಕೆ ಕಾಯ್ದೆಯ 69ನೇ ಕಲಮು. ಅವನು ನಿಮ್ಮ ಮೇಲೆ ಹಾಕಬಹುದು, ನೀವು ಅವನ ಮೇಲೆ ಹಾಕುವ ಹಾಗಿಲ್ಲ.

ಆದರೆ ದಾರಿ ಮುಚ್ಚಿಲ್ಲ. ಮೊದಲು ನೋಂದಣಿ, ಆಮೇಲೆ ದಾವೆ. ಈ ಕ್ರಮ ತಪ್ಪಬಾರದು. ದಾವೆ ಹಾಕಿ ಆಮೇಲೆ ನೋಂದಣಿ ಮಾಡಿಸಿದರೆ ಆ ದಾವೆ ಉಳಿಯುವುದಿಲ್ಲ. ಬಾಕಿ ಕೊಡಬೇಕಾಗಿದ್ದ ದಿನದಿಂದ ಮೂರು ವರ್ಷದ ಕಾಲಮಿತಿ ಓಡುತ್ತಿರುತ್ತದೆ, ದಿನ ಎಣಿಸಿ. ಮೂರು ವರ್ಷ ಮುಗಿಯುವ ಮೊದಲೇ ಆ ವ್ಯಾಪಾರಿಯಿಂದ ಇಷ್ಟು ಬಾಕಿ ಇದೆ ಅಂತ ಸಹಿ ಮಾಡಿದ ಒಂದು ಪತ್ರ ಪಡೆದರೆ ಕಾಲಮಿತಿ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ನಿಮ್ಮ ನಿಮ್ಮಲ್ಲೇ ತಕರಾರು ಬಂದು ಫರ್ಮ್ ವಿಸರ್ಜಿಸಿ ಲೆಕ್ಕ ಕೇಳುವುದಕ್ಕೆ ಮಾತ್ರ ನೋಂದಣಿ ಇಲ್ಲದಿರುವುದು ಅಡ್ಡಿಯಾಗುವುದಿಲ್ಲ. ಈ ವಾರವೇ ವಕೀಲರನ್ನು ನೋಡಿ.

ಹುಬ್ಬಳ್ಳಿ: ಇಲ್ಲಿ ಸಿವಿಲ್, ಕ್ರಿಮಿನಲ್ ವಕೀಲರು ಬೇಕಾದಷ್ಟು ಜನ ಇದ್ದಾರೆ. ಕಂಪನಿ ಕೆಲಸ ಗೊತ್ತಿರುವವರನ್ನು ಹುಡುಕುವುದು ಹೇಗೆ? ಬೆಂಗಳೂರಿಗೇ ಹೋಗಬೇಕಾ? ಫೀ ಹೇಗೆ ಕೇಳುತ್ತಾರೆ?

ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ತಡೆಯುತ್ತದೆ. ವಕೀಲರನ್ನು ಪಟ್ಟಿ ಮಾಡಿ, ನಂಬರ್ ಕೊಟ್ಟು ಗಿರಾಕಿ ಕಳಿಸುವ ಆನ್‌ಲೈನ್ ತಾಣಗಳ ಬಗ್ಗೆ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕಟುವಾಗಿಯೇ ಹೇಳಿತು. ಹಾಗಾಗಿ 'ನಂಬರ್ ಒನ್ ಕಾರ್ಪೊರೇಟ್ ವಕೀಲರು' ಅಂತ ಬೋರ್ಡು ಕಂಡರೆ ಅದನ್ನೇ ನಂಬಿ ಹೋಗಬೇಡಿ.

ಕೇಳಿಯೇ ಹುಡುಕಬೇಕು. ನಿಮ್ಮಲ್ಲೇ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದೆ. ಅಲ್ಲಿನ ಸದಸ್ಯರಲ್ಲಿ ಇತ್ತೀಚೆಗೆ ಕಂಪನಿ ಮಾರಿದವರು, ಕೊಂಡವರು, ಪಾಲುದಾರರಿಂದ ಬೇರೆಯಾದವರು ಯಾರು ಅಂತ ವಿಚಾರಿಸಿ, ಅವರ ಪರವಾಗಿ ಕಾಗದ ಬರೆದವರು ಯಾರು ಅಂತ ಕೇಳಿ. ಬೇರೆಯಾದವರ ಮಾತಿಗೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಬೇರೆಯಾಗುವ ದಿನವೇ ಬರೆದ ಕಾಗದ ಎಷ್ಟು ಗಟ್ಟಿ ಅಂತ ಗೊತ್ತಾಗುವುದು. ಸಿಎ, ಕಂಪನಿ ಸೆಕ್ರೆಟರಿಗಳನ್ನೂ ಕೇಳಿ. ವಕೀಲರ ನೋಂದಣಿ ಸಂಖ್ಯೆ ಇಟ್ಟುಕೊಂಡು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಪರಿಶೀಲಿಸಬಹುದು, ಅದರಲ್ಲಿ ಸಂಕೋಚ ಬೇಡ.

ಮೊದಲ ಭೇಟಿಯಲ್ಲಿ ಕೇಳಿ: ಕಳೆದ ಒಂದೆರಡು ವರ್ಷದಲ್ಲಿ ಎಷ್ಟು ಷೇರುದಾರರ ಒಪ್ಪಂದ ಬರೆದಿದ್ದೀರಿ? ಹೆಸರು ಅಳಿಸಿದ ಒಂದು ಮಾದರಿ ತೋರಿಸುತ್ತೀರಾ? ನನ್ನ ಕಾಗದ ಬರೆಯುವುದು ನೀವೋ, ನಿಮ್ಮ ಜೂನಿಯರೋ? ನನ್ನ ಎದುರಿನವರ ಕೆಲಸ ಎಂದಾದರೂ ಮಾಡಿದ್ದೀರಾ? ಈ ಕೊನೆಯ ಪ್ರಶ್ನೆಗೆ ಉತ್ತರಿಸುವುದು ಅವರ ಕರ್ತವ್ಯ. ಎದುರಿನವರ ಜೊತೆ ಸಂಬಂಧ ಇದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು ಅನ್ನುವುದು ಪರಿಷತ್ತಿನ ನಿಯಮದಲ್ಲೇ ಇದೆ. ನೀವು ಕೇಳುವುದಕ್ಕಿಂತ ಅವರು ನಿಮ್ಮನ್ನು ಏನು ಕೇಳುತ್ತಾರೆ ಅಂತಲೂ ಗಮನಿಸಿ. ಸಾಲ ಎಷ್ಟಿದೆ, ಮನೆಯಲ್ಲಿ ಒಪ್ಪಿಗೆ ಇದೆಯಾ, ಹಳೇ ಟ್ಯಾಕ್ಸ್ ಬಾಕಿ ಇದೆಯಾ ಅಂತ ಮುಜುಗರದ ಪ್ರಶ್ನೆ ಕೇಳುವವರು ಒಳ್ಳೆಯವರು. 'ಎಲ್ಲಾ ಆಗುತ್ತೆ, ನಾಳೆ ಸಹಿ ಮಾಡೋಣ' ಅನ್ನುವವರಿಂದ ಎದ್ದು ಬನ್ನಿ.

ಬೆಂಗಳೂರಿನ ಮಾತು. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದ್ದರೂ, ಕಂಪನಿ ವ್ಯಾಜ್ಯ ಮತ್ತು ವಿಲೀನ ನೋಡುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ನಾವು ಎನ್‌ಸಿಎಲ್‌ಟಿ ಅನ್ನುತ್ತೇವಲ್ಲ, ಅದು ನಮ್ಮ ರಾಜ್ಯಕ್ಕೆ ಇರುವುದು ಬೆಂಗಳೂರಿನಲ್ಲಿ ಮಾತ್ರ. ಅಲ್ಲಿ ವಕೀಲರಲ್ಲದೆ ಸಿಎ, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಕೂಡ ನಿಮ್ಮ ಪರ ಹಾಜರಾಗಬಹುದು. ಆದರೂ ಒಂದು ವ್ಯತ್ಯಾಸ ಮರೆಯಬೇಡಿ. ನೀವು ವಕೀಲರಿಗೆ ಗುಟ್ಟಾಗಿ ಹೇಳಿದ್ದನ್ನು ಅವರು ಬಾಯಿ ಬಿಡಬಾರದು ಅಂತ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ. ಅದೇ ರಕ್ಷಣೆ ಸಿಎಗೆ ಹೇಳಿದ ಮಾತಿಗೆ ಇಲ್ಲ. ಕಂಪನಿ ಶುರು ಮಾಡಲು, ಒಪ್ಪಂದ ಬರೆಯಲು ನಿಮ್ಮೂರಿನವರೇ ಸಾಕು. ವಿಲೀನಕ್ಕೆ ಮಾತ್ರ ಎನ್‌ಸಿಎಲ್‌ಟಿಯಲ್ಲಿ ಓಡಾಡಿ ಗೊತ್ತಿರುವವರು ಬೇಕು.

ಫೀ ಯಾವತ್ತೂ ಬರಹದಲ್ಲಿ ಇರಲಿ. ಕೆಲಸ ಇಂತಿಷ್ಟು, ಎಷ್ಟು ಸಲ ತಿದ್ದಿಕೊಡುತ್ತೀರಿ, ಛಾಪಾ ಕಾಗದ, ಅರ್ಜಿ ಶುಲ್ಕ, ಪ್ರಯಾಣ ಇದರಲ್ಲಿ ಸೇರಿದೆಯಾ ಇಲ್ಲವಾ. ಹಂತ ಹಂತವಾಗಿ ಕೊಡುವುದು ಒಳ್ಳೆಯದು. ಕೇಸಿನ ಫಲಿತಾಂಶಕ್ಕೆ ಗಂಟು ಹಾಕಿ ಫೀ ಕೇಳುವುದು, ಗೆದ್ದದ್ದರಲ್ಲಿ ಪಾಲು ಕೇಳುವುದು ನಿಷಿದ್ಧ. ಸಾಮಾನ್ಯವಾಗಿ ವಕೀಲರು ವ್ಯಾಪಾರ ಸಂಸ್ಥೆಗೆ ಕೊಡುವ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವುದಿಲ್ಲ. ನಿಮ್ಮ ವಹಿವಾಟು ನೋಂದಣಿ ಮಿತಿ ದಾಟಿದ್ದರೆ ಆ ತೆರಿಗೆಯನ್ನು ನೀವೇ ನೇರವಾಗಿ ಕಟ್ಟಬೇಕು. ಬಜೆಟ್ ಹಾಕುವಾಗ ಅದನ್ನೂ ಸೇರಿಸಿ.

ಕೊನೆಗೆ, ಕನ್ನಡದಲ್ಲಿ ವಿವರಿಸಿ ಅಂತ ಕೇಳಿ. ನಲವತ್ತು ಪುಟದ ಇಂಗ್ಲಿಷ್ ಒಪ್ಪಂದಕ್ಕೆ ಓದದೇ ಸಹಿ ಮಾಡಿದ ಎಷ್ಟೋ ಜನ ನನ್ನ ಎದುರು ಬಂದು ಕೂತಿದ್ದಾರೆ. ಬುದ್ಧಿವಂತರು, ನೂರಾರು ಜನಕ್ಕೆ ಕೆಲಸ ಕೊಟ್ಟವರು. ಅರ್ಥ ಆಗಲಿಲ್ಲ ಅಂತ ಹೇಳಲು ನಾಚಿಕೆಪಟ್ಟರು, ಅಷ್ಟೇ. ನೀವು ದುಡ್ಡು ಕೊಡುತ್ತಿದ್ದೀರಿ. ಎರಡು ಪುಟದ ಕನ್ನಡ ಸಾರಾಂಶ ಕೇಳುವುದು ನಿಮ್ಮ ಹಕ್ಕು.

ಪೀಣ್ಯ, ಬೆಂಗಳೂರು: 22 ವರ್ಷದಿಂದ ಬಿಡಿಭಾಗ ತಯಾರಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ನಡೆಸುತ್ತಿದ್ದೇನೆ. ನನಗಿಂತ ಮೂರು ಪಟ್ಟು ದೊಡ್ಡ ಕಂಪನಿ ವಿಲೀನಕ್ಕೆ ಕರೆದಿದೆ. ಆಮೇಲೆ ನನಗೆ ಶೇ 25 ಷೇರು, ನಿರ್ದೇಶಕ ಸ್ಥಾನ. ಅವರ ವಕೀಲರೇ ಇಬ್ಬರದ್ದೂ ನೋಡಿಕೊಳ್ಳುತ್ತಾರಂತೆ, ಖರ್ಚು ಉಳಿಯುತ್ತದೆ ಅಂತಾರೆ. ನನ್ನ ಕಂಪನಿಯ ಸಾಲಕ್ಕೆ ಮನೆ ಅಡವಿದೆ. ಬೇರೆ ವಕೀಲರನ್ನು ಇಟ್ಟರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೇನೋ ಅಂತ ಅಳುಕು.

ಅಳುಕು ಬಿಡಿ, ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ. ಅವರು ನಿಜವಾಗಿಯೂ ಒಳ್ಳೆಯ ಜನ ಇರಬಹುದು. ಆದರೂ ಅವರ ವಕೀಲರು ಅವರ ವಕೀಲರೇ. ನಾಳೆ ನಿಮ್ಮಿಬ್ಬರಿಗೆ ತಕರಾರು ಬಂದರೆ ಇಬ್ಬರಿಗೂ ಸಲಹೆ ಕೊಟ್ಟವರು ಯಾರ ಪರವೂ ನಿಲ್ಲಲಾಗದೆ ಹೊರಗೆ ಹೋಗಬೇಕಾಗುತ್ತದೆ. ಆಗ ನಡೆದದ್ದೆಲ್ಲ ಗೊತ್ತಿರುವ ಒಬ್ಬರೂ ನಿಮ್ಮ ಬೆನ್ನಿಗಿರುವುದಿಲ್ಲ.

ನಿಮ್ಮ ಪತ್ರದಲ್ಲೇ ಎರಡು ಕಡೆ ನಿಮ್ಮ ವಕೀಲರು ತಡೆದು ನಿಲ್ಲಿಸಬೇಕಿತ್ತು. ಒಂದು, ಶೇ 25. ಕಾಲು ಭಾಗ ಇದ್ದರೆ ದೊಡ್ಡ ನಿರ್ಧಾರ ತಡೆಯಬಹುದು ಅಂತ ನೀವು ಅಂದುಕೊಂಡಿರಬಹುದು. ವಿಶೇಷ ನಿರ್ಣಯ ಪಾಸಾಗಲು ಪರವಾದ ಮತ ವಿರೋಧದ ಮತದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು, ಇಷ್ಟೇ ನಿಯಮ. 75ಕ್ಕೆ 25 ಅಂದರೆ ಸರಿಯಾಗಿ ಮೂರು ಪಟ್ಟು, ನಿರ್ಣಯ ಪಾಸು. ಶೇ 26 ಇದ್ದರೆ ಆಗಲ್ಲ. ಆ ಒಂದು ಅಂಶಕ್ಕಾಗಿ ಹಟ ಹಿಡಿಯಿರಿ. ಸಿಗದಿದ್ದರೆ ಇಂತಿಂಥ ವಿಷಯಕ್ಕೆ ನಿಮ್ಮ ಒಪ್ಪಿಗೆ ಬೇಕೇ ಬೇಕು ಅಂತ ನಿಯಮಾವಳಿಯಲ್ಲಿ ಬರೆಸಿ: ಹೊಸ ಷೇರು ಹಂಚುವುದು, ಸಾಲದ ಮಿತಿ ಏರಿಸುವುದು, ಕಾರ್ಖಾನೆ ಮಾರುವುದು, ನಿಮ್ಮನ್ನು ನಿರ್ದೇಶಕ ಸ್ಥಾನದಿಂದ ತೆಗೆಯುವುದು.

ಎರಡು, ಮನೆ. ಇದು ನನ್ನ ನಿದ್ದೆ ಕೆಡಿಸುವ ವಿಷಯ. ಕಂಪನಿ ಕೈ ಬದಲಾದರೂ ಬ್ಯಾಂಕಿಗೆ ನೀವು ಕೊಟ್ಟ ವೈಯಕ್ತಿಕ ಜಾಮೀನು, ಅಡವಿಟ್ಟ ಮನೆ ತಾನಾಗಿ ಬಿಡುಗಡೆ ಆಗುವುದಿಲ್ಲ. ಬ್ಯಾಂಕ್ ಬರಹದಲ್ಲಿ ಬಿಟ್ಟುಕೊಡಬೇಕು. ಇಲ್ಲದಿದ್ದರೆ ಏನಾಗುತ್ತದೆ ನೋಡಿ: ಕಂಪನಿಯಲ್ಲಿ ನಿಮ್ಮ ಪಾಲು ಕಾಲು ಭಾಗ, ನಿರ್ಧಾರ ಬೇರೆಯವರದ್ದು, ಸಾಲಕ್ಕೆ ಮಾತ್ರ ನಿಮ್ಮ ಮನೆ ಪೂರ್ತಿ. 'ವಿಲೀನ ಆದಮೇಲೆ ಬಿಡಿಸಿಕೊಡ್ತೀವಿ' ಅನ್ನುವ ಮಾತಿಗೆ ಒಪ್ಪಬೇಡಿ. ಬ್ಯಾಂಕಿನ ಬಿಡುಗಡೆ ಪತ್ರ ಬರದೇ ವಿಲೀನ ಜಾರಿಗೆ ಬರುವುದಿಲ್ಲ ಅಂತ ಷರತ್ತು ಹಾಕಿಸಿ. ನಿಮ್ಮ ಮನೆಯವರನ್ನೂ ಒಂದು ದಿನ ವಕೀಲರ ಕಚೇರಿಗೆ ಕರೆದುಕೊಂಡು ಹೋಗಿ, ಅವರಿಗೂ ಇದು ಗೊತ್ತಾಗಲಿ.

ಇನ್ನು ವಿಲೀನವೇ ಬೇಕಾ ಅಂತಲೂ ಕೇಳಿ. ಒಂದಾಗಲು ದಾರಿ ಹಲವು. ಅವರು ನಿಮ್ಮ ಷೇರನ್ನು ಕೊಂಡರೆ ನಿಮ್ಮ ಕಂಪನಿ ಹಾಗೇ ಉಳಿಯುತ್ತದೆ, ಮಾಲೀಕರು ಬದಲಾಗುತ್ತಾರೆ. ವಿಲೀನ ಆದರೆ ನಿಮ್ಮ ಕಂಪನಿಯೇ ಇಲ್ಲವಾಗಿ ಆಸ್ತಿ, ಸಾಲ, ಕೆಲಸಗಾರರು ಎಲ್ಲಾ ಅವರದಕ್ಕೆ ಸೇರುತ್ತದೆ. ನಮ್ಮೂರಿನ ಐಟಿ ಕಂಪನಿ ಮೈಂಡ್‌ಟ್ರೀ ಎರಡನ್ನೂ ಕಂಡಿದೆ. 2019ರಲ್ಲಿ ಎಲ್ ಅಂಡ್ ಟಿ ಷೇರು ಕೊಂಡು ಹಿಡಿತ ಪಡೆಯಿತು, ಮೈಂಡ್‌ಟ್ರೀ ಬೇರೆ ಕಂಪನಿಯಾಗಿಯೇ ನಡೆಯಿತು. 2022ರ ನವೆಂಬರಿನಲ್ಲಿ ಎಲ್ ಅಂಡ್ ಟಿ ಇನ್ಫೋಟೆಕ್ ಜೊತೆ ವಿಲೀನವಾಯಿತು, ಮೈಂಡ್‌ಟ್ರೀಯ 100 ಷೇರಿಗೆ ಆ ಕಂಪನಿಯ 73 ಷೇರು. ಆ 73 ಅನ್ನುವ ಸಂಖ್ಯೆ ಇದೆಯಲ್ಲ, ಅದೇ ವಿಲೀನದ ಜೀವ. ನಿಮ್ಮ ವಿಷಯದಲ್ಲಿ ಆ ಸಂಖ್ಯೆ ಎಷ್ಟು, ಅದನ್ನು ಹೇಳಿದವರು ಯಾರು? ನೋಂದಾಯಿತ ಮೌಲ್ಯಮಾಪಕರ ವರದಿ ಕೇಳಿ, ಅದನ್ನು ನಿಮ್ಮ ಕಡೆಯ ಇನ್ನೊಬ್ಬ ಸಿಎ ಹತ್ತಿರ ಓದಿಸಿ. ಹಳೇ ಯಂತ್ರಗಳಿಗೆ ಲೆಕ್ಕಪುಸ್ತಕದಲ್ಲಿರುವ ಬೆಲೆ ಹಾಕಿ, ನಿಮ್ಮ 22 ವರ್ಷದ ಗಿರಾಕಿಗಳಿಗೆ ಏನೂ ಬೆಲೆ ಹಾಕದ ವರದಿಗಳನ್ನು ನಾನು ನೋಡಿದ್ದೇನೆ.

ಪ್ರಕ್ರಿಯೆ ಹೀಗಿದೆ. ಸಾಮಾನ್ಯ ವಿಲೀನ ಎನ್‌ಸಿಎಲ್‌ಟಿ ಮುಂದೆ ಹೋಗುತ್ತದೆ. ಮತ ಹಾಕಿದ ಷೇರುದಾರರಲ್ಲಿ, ಕಂಪನಿಗೆ ಸಾಲ ಕೊಟ್ಟವರಲ್ಲಿ ಹೆಚ್ಚಿನವರು ಒಪ್ಪಬೇಕು, ಅವರ ಮೌಲ್ಯ ಮುಕ್ಕಾಲು ಭಾಗ ಇರಬೇಕು. ಆದಾಯ ತೆರಿಗೆ ಇಲಾಖೆ, ಕಂಪನಿ ರಿಜಿಸ್ಟ್ರಾರ್ ಮುಂತಾದವರಿಗೆ ನೋಟಿಸ್ ಹೋಗುತ್ತದೆ, ಆಕ್ಷೇಪಕ್ಕೆ 30 ದಿನ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ನಿಮ್ಮದು, ಅವರದು ಎರಡೂ ಕಾನೂನಿನ ಲೆಕ್ಕದಲ್ಲಿ 'ಸಣ್ಣ ಕಂಪನಿ'ಗಳಾದರೆ ಕಂಪನಿ ಕಾಯ್ದೆಯ 233ನೇ ಕಲಮಿನ ಕಿರುದಾರಿ ಇದೆ, ಎನ್‌ಸಿಎಲ್‌ಟಿಗೆ ಹೋಗದೇ ಕಂಪನಿ ವ್ಯವಹಾರಗಳ ಸಚಿವಾಲಯದ ಪ್ರಾದೇಶಿಕ ನಿರ್ದೇಶಕರ ಹತ್ತಿರ ಮುಗಿಯುತ್ತದೆ. ಆದರೆ ಅಲ್ಲಿ ಷೇರಿನ ಶೇ 90, ಸಾಲದ ಮೌಲ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಪ್ಪಿಗೆ ಬೇಕು. ಬ್ಯಾಂಕ್ ಒಲ್ಲೆ ಅಂದರೆ ಅಲ್ಲಿಗೇ ನಿಂತಿತು. ವಿಲೀನದ ಆದೇಶಕ್ಕೂ ಛಾಪಾ ಶುಲ್ಕ ಇದೆ, ಯಾರು ಕಟ್ಟುವುದು ಅಂತ ಮೊದಲೇ ಬರೆಯಿರಿ.

ಅವರು ನಿಮ್ಮ ಲೆಕ್ಕ ತೆಗೆದು ನೋಡುತ್ತಾರೆ. ನೀವೂ ಅವರದ್ದನ್ನು ನೋಡಬೇಕು, ಅವರ ಷೇರು ತಾನೇ ನಿಮಗೆ ಸಿಗುವುದು. ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿದ ಕಾಗದ ತೆರೆದು ನೋಡಬಹುದು, ಯಾವ ಬ್ಯಾಂಕಿಗೆ ಏನು ಅಡವಿದೆ ಅಂತಲೂ ಸಿಗುತ್ತದೆ. ನಿಮ್ಮ ಜಾಗ ಕೆಐಎಡಿಬಿಯ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿಯ, ಲೀಸ್-ಕಮ್-ಸೇಲ್‌ನಲ್ಲೇ (ಮೊದಲು ಲೀಸು, ಆಮೇಲೆ ಕ್ರಯ) ಇದ್ದರೆ ಮಂಡಳಿಯ ಒಪ್ಪಿಗೆ ಪತ್ರ ಬೇಕಾಗುತ್ತದೆ, ಹಂಚಿಕೆ ಕಾಗದವನ್ನು ವಕೀಲರಿಗೆ ಮೊದಲೇ ಕೊಡಿ. ಮತ್ತೆ, ಗೋಪ್ಯತಾ ಒಪ್ಪಂದ ಆಗುವವರೆಗೆ ಡ್ರಾಯಿಂಗ್‌ಗಳನ್ನು, ಗಿರಾಕಿಗಳ ಪಟ್ಟಿಯನ್ನು ದಯವಿಟ್ಟು ಕೊಡಬೇಡಿ. ಮಾತುಕತೆ ಮುರಿದುಬಿದ್ದರೆ ನಿಮ್ಮ ಕೈಲಿ ಉಳಿಯುವುದು ಅವೇ. ಕೆಲಸಗಾರರ ಹಳೇ ಸೇವೆಯನ್ನು ಗ್ರಾಚ್ಯುಟಿಗೆ ಪೂರ್ತಿ ಎಣಿಸಬೇಕು ಅಂತ ವಿಲೀನದ ಯೋಜನೆಯಲ್ಲೇ ಒಂದು ಸಾಲು ಹಾಕಿಸಿ, 22 ವರ್ಷ ನಿಮ್ಮ ಜೊತೆ ನಿಂತವರು ಅವರು.

ಮೈಸೂರು: ನಡೆಯುತ್ತಿರುವ ಒಂದು ಹೋಟೆಲನ್ನು ಹೆಸರು, ಸಾಮಾನು, ಅಡುಗೆಯವರ ಸಮೇತ ಕೊಳ್ಳಬೇಕು ಅಂತಿದ್ದೇನೆ. ಬ್ರೋಕರ್ ಒಂದು ಅಗ್ರಿಮೆಂಟ್ ತಂದಿದ್ದಾರೆ. ವಕೀಲರಿಗೆ ತೋರಿಸಬೇಕಾ?

ತೋರಿಸಿ, ಮುಂಗಡ ಕೊಡುವ ಮೊದಲು. ಹಳೇ ಮಾಲೀಕರು ಜಿಎಸ್‌ಟಿ ಬಾಕಿ ಇಟ್ಟಿದ್ದರೆ, ವ್ಯಾಪಾರ ಕೊಂಡವರೂ ಅದಕ್ಕೆ ಅವರಷ್ಟೇ ಹೊಣೆ, ಜಿಎಸ್‌ಟಿ ಕಾಯ್ದೆಯ 85ನೇ ಕಲಮು. ಪಿಎಫ್ ಬಾಕಿಯ ಕಥೆಯೂ ಹೆಚ್ಚುಕಡಿಮೆ ಅದೇ. ಹಾಗಾಗಿ ಬೆಲೆಯಲ್ಲಿ ಒಂದು ಭಾಗವನ್ನು ಕೆಲವು ತಿಂಗಳು ತಡೆಹಿಡಿಯುವ ಷರತ್ತು ಹಾಕಿಸಿ, ಬಾಕಿ ಬಂದರೆ ಅದರಲ್ಲೇ ಕಟ್ಟಬಹುದು. ಆಹಾರ ಪರವಾನಗಿ, ಪಾಲಿಕೆಯ ಟ್ರೇಡ್ ಲೈಸೆನ್ಸ್ ಅವರ ಹೆಸರಲ್ಲಿವೆ, ನಿಮ್ಮ ಹೆಸರಿಗೆ ಮಾಡಿಸಬೇಕು. ಕಟ್ಟಡದ ಮಾಲೀಕರು ನಿಮಗೆ ಬಾಡಿಗೆಗೆ ಕೊಡಲು ಒಪ್ಪಿದ್ದಾರಾ? ಅವರು ಒಪ್ಪದಿದ್ದರೆ ನೀವು ಕೊಂಡಿದ್ದು ಪಾತ್ರೆ ಮಾತ್ರ.

ಮುಖ್ಯವಾಗಿ, ಮಾರಿದವರು ಎದುರಿನ ಬೀದಿಯಲ್ಲೇ ಇನ್ನೊಂದು ಹೋಟೆಲ್ ತೆರೆಯಬಾರದು ಅಂತ ಬರೆಸಿ. ವ್ಯಾಪಾರ ಮಾಡಬೇಡ ಅಂತ ತಡೆಯುವ ಒಪ್ಪಂದ ನಮ್ಮ ಕರಾರು ಕಾಯ್ದೆಯಲ್ಲಿ ನಿಲ್ಲುವುದಿಲ್ಲ. ಆದರೆ ವ್ಯಾಪಾರದ ಒಳ್ಳೆ ಹೆಸರನ್ನು, ಅಂದರೆ ಗುಡ್‌ವಿಲ್ ಅನ್ನು, ಮಾರಿದವರಿಗೆ ಆ ರಕ್ಷಣೆ ಇಲ್ಲ. ಜಾಗ, ಅವಧಿ ನ್ಯಾಯವಾಗಿದ್ದರೆ ಷರತ್ತು ನಿಲ್ಲುತ್ತದೆ. ಆದ್ದರಿಂದ ಪತ್ರದಲ್ಲಿ ಗುಡ್‌ವಿಲ್ ಮಾರಾಟ ಅಂತ ಸ್ಪಷ್ಟವಾಗಿ, ಅದಕ್ಕೆ ಬೇರೆ ಬೆಲೆ ಹಾಕಿ ಬರೆಸಬೇಕು. ಬ್ರೋಕರ್ ಕಾಗದದಲ್ಲಿ ಆ ಪದ ಇದೆಯಾ ನೋಡಿ.

ಉಡುಪಿ: ತೀರಿಕೊಂಡ ತಂದೆಯ ಪೆಟ್ಟಿಗೆಯಲ್ಲಿ ಸಿಂಡಿಕೇಟ್ ಬ್ಯಾಂಕಿನ 1000 ಷೇರಿನ ಕಾಗದ ಸಿಕ್ಕಿದೆ. ಬ್ಯಾಂಕೇ ಇಲ್ಲ ಈಗ. ವಿಲೀನದ ವಕೀಲರನ್ನು ನೋಡಬೇಕಾ?

ಬೇಡ. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು, 1000 ಷೇರಿಗೆ ಕೆನರಾದ 158 ಷೇರು. 2024ರ ಮೇ ತಿಂಗಳಲ್ಲಿ ಕೆನರಾ ತನ್ನ 10 ರೂಪಾಯಿ ಷೇರನ್ನು 2 ರೂಪಾಯಿಯ ಐದು ಷೇರಾಗಿ ಒಡೆಯಿತು. ಹಾಗಾಗಿ ನಿಮ್ಮ ಲೆಕ್ಕ ಈಗ 790 ಷೇರು. ಕೆನರಾ ಬ್ಯಾಂಕಿನ ಷೇರು ರಿಜಿಸ್ಟ್ರಾರ್‌ಗೆ ಮರಣ ಪತ್ರ ಸಮೇತ ಬರೆಯಿರಿ. ಏಳು ವರ್ಷ ಡಿವಿಡೆಂಡ್ ಪಡೆಯದೇ ಇದ್ದರೆ ಷೇರು ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗಿರಬಹುದು, ಅಲ್ಲಿಂದಲೂ ಅರ್ಜಿ ಹಾಕಿ ವಾಪಸ್ ಪಡೆಯಬಹುದು. ಅಣ್ಣತಮ್ಮಂದಿರಲ್ಲಿ ಒಮ್ಮತ ಇಲ್ಲದಿದ್ದರೆ ಮಾತ್ರ ಊರಿನ ಸಿವಿಲ್ ವಕೀಲರನ್ನು ನೋಡಿ.

ಡಲ್ಲಾಸ್, ಅಮೆರಿಕ: ಚಿಕ್ಕಮಗಳೂರಿನಲ್ಲಿ ನನ್ನ ತಮ್ಮ ಕಾಫಿ ಹುರಿದು ಮಾರುವ ಕಂಪನಿ ಶುರು ಮಾಡುತ್ತಿದ್ದಾನೆ. ನಾನು ಅರ್ಧ ಹಣ ಹಾಕಿ ನಿರ್ದೇಶಕನಾಗಬೇಕು. ಇಲ್ಲಿನ ಅಟಾರ್ನಿ ಸಾಕಾ?

ಕಂಪನಿ ಭಾರತದ್ದು, ಹಾಗಾಗಿ ವಿದೇಶಿ ವಿನಿಮಯ ಕಾನೂನು, ಅಂದರೆ ಫೆಮಾ, ಗೊತ್ತಿರುವ ಇಲ್ಲಿನ ವಕೀಲರು ಬೇಕೇ ಬೇಕು. ಹಣವನ್ನು ಮುಂದೆ ಅಮೆರಿಕಕ್ಕೆ ವಾಪಸ್ ಒಯ್ಯುವ ಲೆಕ್ಕದಲ್ಲಿ ಹಾಕುತ್ತೀರಾ, ಒಯ್ಯದ ಲೆಕ್ಕದಲ್ಲಾ ಅಂತ ಮೊದಲ ಡಾಲರ್ ಕಳಿಸುವ ಮೊದಲೇ ತೀರ್ಮಾನಿಸಿ, ನಿಯಮ ಎರಡಕ್ಕೂ ಬೇರೆ ಬೇರೆ. ಒಯ್ಯುವ ಲೆಕ್ಕದಲ್ಲಾದರೆ ಹಣ ಬಂದ 60 ದಿನದಲ್ಲಿ ಷೇರು ಹಂಚಬೇಕು, ಹಂಚಿದ 30 ದಿನದಲ್ಲಿ ರಿಸರ್ವ್ ಬ್ಯಾಂಕಿಗೆ ವರದಿ. ತಮ್ಮನ ಉಳಿತಾಯ ಖಾತೆಗೆ ಸುಮ್ನೆ ಕಳಿಸಿ ಆಮೇಲೆ ಷೇರು ಮಾಡಿಕೊಳ್ಳೋಣ ಅಂದರೆ ತೊಡಕಾಗುತ್ತದೆ. ನಿಮ್ಮ ಸಹಿಯ ಕಾಗದಗಳಿಗೆ ಅಲ್ಲಿ ನೋಟರಿ ಮತ್ತು ಅಪೊಸ್ಟಿಲ್ (ಹೊರದೇಶದಲ್ಲಿ ಕಾಗದ ನಡೆಯಲು ಅಲ್ಲಿನ ಸರ್ಕಾರ ಕೊಡುವ ದೃಢೀಕರಣ) ಮಾಡಿಸಿ. ಕನಿಷ್ಠ ಒಬ್ಬ ನಿರ್ದೇಶಕ ವರ್ಷದಲ್ಲಿ 182 ದಿನ ಭಾರತದಲ್ಲಿ ಇರಬೇಕು, ತಮ್ಮ ಇದ್ದಾನಲ್ಲ. ಕಾಫಿ ತೋಟ ಕೊಳ್ಳುವ ಯೋಚನೆ ಇದ್ದರೆ ಅದನ್ನು ಬೇರೆಯಾಗಿ ಕೇಳಿ. ಅನಿವಾಸಿಗಳು ಸ್ವಂತ ಹೆಸರಲ್ಲಿ ತೋಟ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಅಮೆರಿಕದ ಕಡೆಯಲ್ಲಿ ಅಟಾರ್ನಿಗಿಂತ ನಿಮ್ಮ ತೆರಿಗೆ ಸಲಹೆಗಾರರು ಮುಖ್ಯ. ಅಲ್ಲಿನ ತೆರಿಗೆಗೆ ಒಳಪಟ್ಟವರು ಹೊರದೇಶದ ಕಂಪನಿಯಲ್ಲಿ ಶೇ 10 ಅಥವಾ ಜಾಸ್ತಿ ಪಾಲು ಪಡೆದರೆ 5471 ಎಂಬ ಫಾರಂ ಕೊಡಬೇಕಾಗಿ ಬರುತ್ತದೆ, ತಪ್ಪಿದರೆ ದಂಡ 10,000 ಡಾಲರಿನಿಂದ ಶುರು. ಇಲ್ಲಿನ ವಕೀಲರಿಗೆ ಅದು ಗೊತ್ತಿರುವುದಿಲ್ಲ, ಅಲ್ಲಿನವರಿಗೆ ಫೆಮಾ ಗೊತ್ತಿರುವುದಿಲ್ಲ. ಹಣ ಕಳಿಸುವ ಮೊದಲು ಇಬ್ಬರನ್ನೂ ಒಂದೇ ಕರೆಯಲ್ಲಿ ಸೇರಿಸಿ ಅರ್ಧ ಗಂಟೆ ಮಾತಾಡಿಸಿ, ತಮ್ಮನೂ ಆ ಕರೆಯಲ್ಲಿ ಇರಲಿ.